ಕೈಗಡದ ಗುಳಿಗೆ

ಮೊದಲು ಸಡಿಲವಾದದ್ದು ಅವರ ಬೆಲ್ಟು.

ನಮ್ಮ ಮನೆಯವರು ಬಸ್ ಡ್ರೈವರು. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರು, ಸಿಂಧನೂರಿನಿಂದ ತಿರುಗಿ ಲಿಂಗಸುಗೂರು. ಹದಿನಾರು ವರ್ಷ ಆ ಒಂದೇ ದಾರಿಯಲ್ಲಿ ಗಾಡಿ ಓಡಿಸಿದವರು. ಮನೆ ಮಸ್ಕಿಯಲ್ಲಿ. ಕೂತು ಮಾಡುವ ಕೆಲಸವಾದ್ದರಿಂದ ಹೊಟ್ಟೆ ಒಂದಿಷ್ಟು ಮುಂದೆ ಬಂದಿತ್ತು. ಆ ಬೇಸಿಗೆಯಲ್ಲಿ ಪ್ಯಾಂಟು ನಿಲ್ಲುತ್ತಿಲ್ಲ ಎಂದರು. ಮೊಳೆ ಕಾಯಿಸಿ ಬೆಲ್ಟಿಗೆ ಒಂದು ತೂತು ಹಾಕಿಕೊಟ್ಟೆ. ಮಳೆಗಾಲ ಹಿಡಿಯುವಷ್ಟರಲ್ಲಿ ಇನ್ನೊಂದು. ಮೂರನೆಯ ತೂತು ಹಾಕುವಾಗ ಬೆಲ್ಟಿನ ತುದಿ ಪಕ್ಕೆಯ ತನಕ ಹೋಗಿತ್ತು.

ಊಟ ಕಡಿಮೆಯಾಗಿದ್ದರೆ ಅರ್ಥವಾಗುತ್ತಿತ್ತು. ಆದರೆ ಅವರು ಮೊದಲಿಗಿಂತ ಹೆಚ್ಚು ಉಣ್ಣುತ್ತಿದ್ದರು. ನಾಲ್ಕು ರೊಟ್ಟಿ, ಅದರ ಮೇಲೆ ಅನ್ನ ಸಾರು, ಅದರ ಮೇಲೆ ಮೊಸರನ್ನ, ಕೈ ತೊಳೆದು ಬಂದು ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನರ ಸಿಹಿ ಐತೇನಲೇ?" ಎನ್ನುವರು. ನನಗೆ ಖುಷಿಯೇ. ಇಷ್ಟು ವರ್ಷ ಮಾಡಿದ್ದನ್ನು ಅರ್ಧ ಬಿಟ್ಟು ಏಳುತ್ತಿದ್ದ ಮನುಷ್ಯ ಈಗ ಪಾತ್ರೆ ಕೆರೆದು ಉಣ್ಣುತ್ತಾನಲ್ಲ ಎಂದು. ಆದರೆ ಬಂದವರೆಲ್ಲ ಅವರ ಕೆನ್ನೆ ನೋಡಿ ನನ್ನನ್ನು ಕೇಳುವರು: "ಏನವ್ವ, ಗಂಡಗ ಉಣ್ಣಾಕ ಹಾಕ್ತಿಯೋ ಇಲ್ಲೋ?" ಅದಕ್ಕೆ ಇನ್ನಷ್ಟು ಹಾಕಿದೆ. ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಸಿ ಇಟ್ಟೆ. ಗೋಧಿ ಬೆಲ್ಲದ ಮಾದಲಿಗೆ ತುಪ್ಪ, ಹಾಲು ಸುರಿದು ಕೊಟ್ಟೆ. ಅವರು ಉಂಡಷ್ಟೂ ಬೆಲ್ಟು ಸಡಿಲವಾಯಿತು.

ಆಮೇಲೆ ಕೈ ನಡುಗಲು ಶುರುವಾಯಿತು. ಚಹಾದ ಕಪ್ಪಿನ ಕೆಳಗಿನ ಬಸಿ ಹಿಡಿದರೆ ಕಪ್ಪು ಅದರ ಮೇಲೆ ಕಟಕಟ ಎನ್ನುತ್ತಿತ್ತು. ಫ್ಯಾನಿನ ಕೆಳಗೆ ಕೂತರೂ ಬೆವರು. ಜೊತೆಗಿದ್ದ ಕಂಡಕ್ಟರ್ ಒಂದು ದಿನ ಮನೆಗೆ ಬಂದವನು ಅದನ್ನು ನೋಡಿ ನಕ್ಕ. "ಏನ್ರೀ ಡ್ರೈವರ್ ಸಾಹೇಬ್ರ, ಸ್ಟೇರಿಂಗ್ ನೀವು ಹಿಡದೀರೋ, ಸ್ಟೇರಿಂಗ್ ನಿಮ್ಮನ್ನ ಹಿಡದೈತೋ?" ಅವರೂ ನಕ್ಕರು. ಅವನು ಹೋದ ಮೇಲೆ ಮಾತ್ರ, "ಕುಡೀತೀನಿ ಅಂತ ತಿಳಕೊಂಡಾರ ಎಲ್ಲಾರೂ" ಎಂದರು.

ನನ್ನ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಬೇಕು. ನನಗೆ ಥೈರಾಯ್ಡ್ ಬಂದು ಆಗಲೇ ಎಂಟು ವರ್ಷ. ಮೈ ಭಾರ, ಸುಸ್ತು, ಕೂದಲು ಉದುರುವುದು. ನಮ್ಮ ಓಣಿಯಲ್ಲಿ ಅರ್ಧ ಹೆಂಗಸರಿಗೆ ಇರುವುದೇ. ಬೆಳಿಗ್ಗೆ ಎದ್ದ ಕೂಡಲೇ ಬರೀ ಹೊಟ್ಟೆಗೆ ಒಂದು ಸಣ್ಣ ಬಿಳಿ ಗುಳಿಗೆ, ಆಮೇಲೆ ಅರ್ಧ ತಾಸು ಚಹಾ ಇಲ್ಲ. ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ನಳ ಬಂದ ದಿನ, ಸಿಲಿಂಡರ್ ಹಚ್ಚಿದ ದಿನ, ಗುಳಿಗೆಯ ಹೊಸ ಡಬ್ಬಿ ಒಡೆದ ದಿನ, ಎಲ್ಲವನ್ನೂ ಅದರಲ್ಲಿ ಗುರುತು ಮಾಡುತ್ತೇನೆ. ಮನೆಯವರು ಅದನ್ನು "ನಿನ್ನ ಪಂಚಾಂಗ" ಎಂದು ಕರೆಯುತ್ತಾರೆ.

ಬಾಜು ಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಾರೆ, ಬಳೆ ಅಂಗಡಿಯವರು. ಓಣಿಗೆಲ್ಲ ಅವರು ಖಾಲಾ. ಖಾಲಾ ಎಂದರೆ ಚಿಕ್ಕಮ್ಮ. ನಮಗೆ ರಕ್ತದ ನಂಟಿಲ್ಲ, ನಡುವಿನ ಗೋಡೆಯ ನಂಟು. ಮೊಸರಿಗೆ ಹೆಪ್ಪು, ಹೊಲಿಯಲು ಸೂಜಿ, ಅಡುಗೆಗೆ ಹುಣಸೆಹಣ್ಣು ಹೇಗೆ ಆ ಮನೆ ಈ ಮನೆ ಓಡಾಡುತ್ತಿದ್ದವೋ ಗುಳಿಗೆಗಳೂ ಹಾಗೆಯೇ ಓಡಾಡುತ್ತಿದ್ದವು. ನನ್ನ ತಾಯಿ ಬಂದಾಗ ಅವರ ಬೀಪಿ ಗುಳಿಗೆ ಮುಗಿದರೆ ಖಾಲಾನ ಹತ್ತಿರ ನಾಲ್ಕು ಇಸಿದುಕೊಳ್ಳುವುದು, ತಂದ ಮೇಲೆ ನಾಲ್ಕು ಕೊಡುವುದು. ಖಾಲಾನ ಮೊಣಕಾಲು ನೋವಿಗೆ ನಮ್ಮ ಮನೆಯದು. ಇದಕ್ಕೆ ನಾವು ಕೈಗಡ ಎನ್ನುತ್ತಿದ್ದೆವು. ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ಬೀಪಿಗೆ ಬೀಪಿ ಗುಳಿಗೆ, ಸಕ್ಕರೆಗೆ ಸಕ್ಕರೆ ಗುಳಿಗೆ, ಹೆಸರು ಒಂದಾದರೆ ಸಾಕು.

ಮೊದಲ ಸಲ ಅವರು ಬಿದ್ದದ್ದು ಮುಕ್ಕುಂದದಲ್ಲಿ ನಂಟರ ಹೊಸ ಮನೆಯ ಊಟ ಉಂಡು ಬಂದ ಮರುದಿನ. ಬಿದ್ದದ್ದು ಎಂದರೆ ತಪ್ಪು, ಏಳಲಿಲ್ಲ. ಹಿಂದಿನ ದಿನ ಅಲ್ಲಿ ಪೆಂಡಾಲಿನ ಕಂಬ ಎತ್ತಿ, ಹಂಡೆ ಇಳಿಸಿ, ಆಮೇಲೆ ಪಂಕ್ತಿಯಲ್ಲಿ ಕೂತು ಏಳು ಹೋಳಿಗೆ ತಿಂದಿದ್ದರು. ಎಣಿಸಿದ್ದು ನಾನೇ, ಹೆಮ್ಮೆಯಿಂದ. ಬೆಳಿಗ್ಗೆ ನಾನು ಎದ್ದು, ಗುಳಿಗೆ ನುಂಗಿ, ಅಂಗಳಕ್ಕೆ ನೀರು ಹಾಕುತ್ತಿದ್ದೆ. ಒಳಗಿಂದ ಕರೆದರು.

"ಏ, ಬಾರಲೇ ಇಲ್ಲಿ. ಕಾಲು ಏಳವಲ್ವು."

"ಜೋಮು ಹಿಡದಿರಬೇಕು. ಕಾಲು ಒದರಿ ಏಳ್ರಿ."

"ಒದರಾಕ ಬಂದ್ರ ನಿನ್ನ ಯಾಕ ಕರೀತಿದ್ದೆ?"

ಹೋಗಿ ನೋಡಿದೆ. ಅಂಗಾತ ಮಲಗಿದ್ದರು. ಕಾಲಿನ ಬೆರಳು ಆಡಿಸ್ರಿ ಎಂದರೆ ಆಡಿಸಿದರು. ಚಿವುಟಿದರೆ "ಹಾ" ಎಂದರು. ಆದರೆ ತೊಡೆಯನ್ನು ಹಾಸಿಗೆಯಿಂದ ಒಂದು ಬೆರಳಿನಷ್ಟೂ ಎತ್ತಲಾಗಲಿಲ್ಲ. ಮಗ್ಗುಲಾಗಲೂ ಆಗಲಿಲ್ಲ. ನಾನು ಮೊಣಕಾಲು ಮಡಚಿ ನಿಲ್ಲಿಸಿ ಕೈ ಬಿಟ್ಟೆ. ಕಾಲು ಒದ್ದೆ ಬಟ್ಟೆಯ ಹಾಗೆ ಪಕ್ಕಕ್ಕೆ ಬಿತ್ತು. ಅವರು ಅದನ್ನೇ ನೋಡುತ್ತಿದ್ದರು, ಬೇರೆ ಯಾರದೋ ಕಾಲು ಎನ್ನುವ ಹಾಗೆ.

ನನ್ನ ಕೂಗಿಗೆ ಖಾಲಾ ಬಂದರು. "ಕ್ಯಾ ಹುವಾ ಬೇಟಿ?" ಎಂದವರೇ ನೇರ ಅವರ ಬಾಯಿ ನೋಡಿದರು. ನಮ್ಮ ಕಡೆ ಲಕ್ವಾ ಹೊಡೆದರೆ ಮೊದಲು ಬಾಯಿ ನೋಡುತ್ತಾರೆ, ಸೊಟ್ಟಗಾಗಿದೆಯೇ ಎಂದು. "ಸೀಟಿ ಹೊಡಿಯಪ್ಪ" ಎಂದರು. ಮಲಗಿದಲ್ಲೇ ಅವರು ಸೀಟಿ ಹೊಡೆದರು. ಸಣ್ಣಗೆ, ಆದರೆ ಸರಿಯಾಗಿಯೇ ಬಂತು. ಖಾಲಾ ಎದೆಯ ಮೇಲೆ ಕೈ ಇಟ್ಟುಕೊಂಡು, "ಲಕ್ವಾ ಅಲ್ಲ. ಅಶಕ್ತಿ ಆಗೇದ. ಬಾಟ್ಲಿ ಹಚ್ಚಿಸು ಬೇಟಿ" ಎಂದರು.

ಅಶಕ್ತಿಗೆ ಸಿಹಿ, ಅದಕ್ಕೂ ಜಗ್ಗದಿದ್ದರೆ ಗ್ಲೂಕೋಸ್ ಬಾಟ್ಲಿ. ನಮಗೆ ತಿಳಿದದ್ದು ಇದೇ. ಖಾಲಾ ಬೆಲ್ಲದ ನೀರು ಕುಡಿಸಿದರು, ನಾನು ಗ್ಲೂಕೋಸ್ ಪುಡಿ ಕಲಸಿ ಕುಡಿಸಿದೆ. ಕಂಡಕ್ಟರನನ್ನೂ ಅವನ ತಮ್ಮನನ್ನೂ ಕರೆಸಿ, ನಾಲ್ಕು ಜನ ಎತ್ತಿ ಆಟೋದಲ್ಲಿ ಹಾಕಿ, ಹತ್ತಿರದ ಒಂದು ದವಾಖಾನೆಗೆ ಒಯ್ದೆವು. ಅಲ್ಲಿಯೂ ಕೇಳಿದ್ದನ್ನೇ ಕೊಟ್ಟರು. ಬಾಟ್ಲಿ ಅರ್ಧ ಇಳಿಯಿತು. ಶಕ್ತಿ ಬರುತ್ತದೆಂದು ನಾನು ಅವರ ಕಾಲನ್ನೇ ನೋಡುತ್ತಾ ಕೂತಿದ್ದೆ. ಆಗ ಅವರು, "ಕೈನೂ ಭಾರ ಆಗಾಕತ್ತಾವಲೇ" ಎಂದರು. ಮೂಗಿನ ಮೇಲೆ ನೊಣ ಕೂತಿತ್ತು. ಓಡಿಸಲು ಕೈ ಎತ್ತಲು ಹೋದರು, ಅದು ಎದೆಯ ತನಕ ಬಂದು ನಿಂತಿತು. ಆ ನೊಣವನ್ನು ನಾನು ಓಡಿಸಿದೆ. ಅಲ್ಲಿದ್ದವರೂ ಹೆದರಿ ಬಾಟ್ಲಿ ಬಿಚ್ಚಿ, ಸಿಂಧನೂರಿಗೆ ಒಯ್ಯಿರಿ ಎಂದರು.

ಟೆಂಪೋದ ಹಿಂದೆ ಚಾಪೆ ಹಾಸಿ ಮಲಗಿಸಿದೆವು. ತಾವು ಹದಿನಾರು ವರ್ಷ ಓಡಿಸಿದ ದಾರಿಯನ್ನು ಅವರು ಆ ದಿನ ಅಂಗಾತ ಮಲಗಿ ಕಂಡರು. ಕಂಡದ್ದೇನು, ಬೇವಿನ ಮರದ ತುದಿ, ಕರೆಂಟಿನ ತಂತಿ. ಆದರೂ ಹಂಪಿನ ಮೇಲೆ ಟೆಂಪೋ ಎಗರಿದಾಗಲೆಲ್ಲ, "ಇದು ಶಾಲಿ ಮುಂದಿಂದು", "ಇದು ಪೆಟ್ರೋಲ್ ಬಂಕಿಂದು", "ಈಗ ಕಾಲುವೆ ಸೇತುವೆ ಬರ್ತದ, ನನ್ನ ತಲಿ ಹಿಡಿ" ಎಂದು ಹೇಳುತ್ತಲೇ ಇದ್ದರು. ಮಿಲ್ಲುಗಳಲ್ಲಿ ಭತ್ತ ಬೇಯಿಸುವ ವಾಸನೆ ಬಂದಾಗ ಕಣ್ಣು ಮುಚ್ಚಿ, "ಬಂತು ಸಿಂಧನೂರು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನ ಗಾಡಿ ಹೊಡಿಯಾಕ ಆಗತೈತೇನಲೇ ನನಗ?" ಎಂದು ಕೇಳಿದರು. ಬದುಕುತ್ತೇನೆಯೇ ಎಂದು ಕೇಳಲಿಲ್ಲ. ಅದೊಂದನ್ನೇ ಕೇಳಿದರು.

ಸಿಂಧನೂರಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿದರು, ಆಮೇಲೆ ಕಾಲು ಬಿಟ್ಟು ಕಣ್ಣು ನೋಡಿದರು, ಕತ್ತು ಮುಟ್ಟಿದರು, ನಾಡಿ ಹಿಡಿದರು. ಕೈಯ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಯಲ್ಲಿಟ್ಟ ಹಾಗೆ ಅದುರಿತು. ನನ್ನ ಕಡೆ ತಿರುಗಿ, "ಯಮ್ಮಾ, ನಿನ್ನಿ ಏನು ಉಂಡಾರ?" ಎಂದರು. ಗಂಡ ಏಳದೆ ಮಲಗಿದ್ದಾನೆ, ಈಕೆ ಊಟ ಕೇಳುತ್ತಾಳಲ್ಲ ಎನಿಸಿತು. ಆದರೂ ಹೇಳಿದೆ. ಏಳು ಹೋಳಿಗೆ, ಅನ್ನ, ಹಂಡೆ ಎತ್ತಿದ್ದು, ಬೆಲ್ಲದ ನೀರು, ಬಾಟ್ಲಿ. ಬೆಲ್ಟಿನ ಮೂರು ತೂತುಗಳನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ರಕ್ತದಲ್ಲಿ ಪೊಟ್ಯಾಸಿಯಂ ಎನ್ನುವುದು ಬಹಳ ಇಳಿದಿತ್ತಂತೆ. ಅದು ಇಳಿದರೆ ಸ್ನಾಯು ಮಾತು ಕೇಳುವುದಿಲ್ಲವಂತೆ. ಸಿಹಿ ಹೊಟ್ಟೆಗೆ ಹೋದಷ್ಟೂ, ಗ್ಲೂಕೋಸ್ ಏರಿದಷ್ಟೂ, ರಕ್ತದಲ್ಲಿರುವ ಅಷ್ಟಿಷ್ಟೂ ಸ್ನಾಯುವಿನ ಒಳಗೆ ಹೋಗಿ ಸೇರಿಕೊಳ್ಳುತ್ತದಂತೆ. ನಾವು ಬೆಳಗಿನಿಂದ ಮಾಡಿದ್ದೆಲ್ಲ ಅದನ್ನೇ. ಎದೆಗೆ ತಂತಿ ಹಚ್ಚಿ ನೋಡಿಕೊಳ್ಳುತ್ತಾ, ತಾಸಿಗೊಮ್ಮೆ ಒಂದು ಕೆಟ್ಟ ರುಚಿಯ ಔಷಧ ಕುಡಿಸಿದರು. ಮಧ್ಯಾಹ್ನ ಕೈ ಎದ್ದಿತು. ಸಂಜೆ ಐದರ ಹೊತ್ತಿಗೆ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಆರಕ್ಕೆ ನನ್ನ ಹೆಗಲು ಹಿಡಿದು ನಿಂತರು. ಬೆಳಿಗ್ಗೆ ನಾಲ್ಕು ಜನ ಹೊತ್ತ ಮೈ. ನನಗೆ ಅಳು ಬರಲಿಲ್ಲ, ನಿದ್ದೆ ಬಂತು.

ಮರುದಿನ ರಕ್ತದ ಇನ್ನೊಂದು ರಿಪೋರ್ಟ್ ಬಂತು. "ಇವ್ರಿಗೆ ಥೈರಾಯ್ಡ್ ಐತ್ರಿ. ಇದೆಲ್ಲ ಅದರಿಂದನ" ಎಂದರು ಡಾಕ್ಟರು.

"ಥೈರಾಯ್ಡ್ ನನಗೈತ್ರಿ ಡಾಕ್ಟ್ರೇ, ಅವ್ರಿಗಲ್ಲ."

"ನಿಮಗೂ ಐತಿ, ಅವ್ರಿಗೂ ಐತಿ. ನಿಮ್ದು ನಿಧಾನ, ಅವ್ರದು ಜೋರು."

ಅವರು ಅದನ್ನು ಸರಿಯಾಗಿಯೇ ಬಿಡಿಸಿ ಹೇಳಿದ್ದರು. ನಾನು ಎರಡು ದಿನದಿಂದ ಕುರ್ಚಿಯಲ್ಲಿ ಕೂತವಳು. ನನ್ನ ಕಿವಿಯಲ್ಲಿ ಉಳಿದದ್ದು ಮೊದಲಿನ ಅರ್ಧ ಮಾತ್ರ: ನನಗೂ ಐತಿ, ಅವರಿಗೂ ಐತಿ.

ದಿನಕ್ಕೆ ಮೂರು ಹೊತ್ತು ಗುಳಿಗೆ ಬರೆದುಕೊಟ್ಟರು. ಎದೆ ಬಡಿತಕ್ಕೆ ಬೇರೊಂದು. ರಾತ್ರಿ ಹೊಟ್ಟೆ ಬಿರಿಯುವಂತೆ ಉಣ್ಣಬಾರದು, ಸಿಹಿ ಬೇಡ. ಥೈರಾಯ್ಡ್ ಹತೋಟಿಗೆ ಬರುವವರೆಗೆ ಸ್ಟೇರಿಂಗ್ ಮುಟ್ಟಬಾರದು. "ನಡುದಾರಿಯಾಗ ಕಾಲು ಕೈಕೊಟ್ರ ಹಿಂದ ಐವತ್ತು ಮಂದಿ ಇರ್ತಾರ, ನೆನಪಿಡ್ರಿ. ನಾಲ್ಕೈದು ತಿಂಗಳು ನೋಡೋಣು. ರಿಪೋರ್ಟ್ ಚಲೋ ಬಂದ್ರ ನಾನ ಬರದು ಕೊಡ್ತೀನಿ."

ಡಿಪೋದವರು ಅವರನ್ನು ಮಸ್ಕಿಯ ಬಸ್ ನಿಲ್ದಾಣದಲ್ಲಿ ಕೂಡಿಸಿದರು. ಬಂದ ಬಸ್ಸಿನ ಹೊತ್ತು ಬರೆಯುವುದು, ಮೈಕಿನಲ್ಲಿ ಊರಿನ ಹೆಸರು ಕೂಗುವುದು. ಮನೆಯಲ್ಲಿ ನಾನು ಹೊಲಿದುಕೊಟ್ಟ ಒಂದು ದಿಂಬಿತ್ತು, ಡ್ರೈವರ್ ಸೀಟಿನಲ್ಲಿ ಹಾಕಿಕೊಳ್ಳುವುದು. ಅದನ್ನು ಗೂಟಕ್ಕೆ ನೇತುಹಾಕಿದರು. ವಾರಕ್ಕೊಮ್ಮೆ ತಾವೇ ಅದನ್ನು ಬಿಸಿಲಿಗೆ ಹಾಕುವರು.

ಆ ತಿಂಗಳುಗಳು ನನಗೆ ಬಹಳ ಉದ್ದವಾದವು. ಹಸಿದವನಿಗೆ ಬೇಡ ಎನ್ನುವ ಕೆಲಸ ನನಗೆ ಬರುವುದಿಲ್ಲ. "ಎರಡ ರೊಟ್ಟಿ ಕೊಟ್ಟು ತಾಟು ಎತ್ತಾಕತ್ತೀಯಲ್ಲ, ನಾ ಏನು ಜೇಲಿನಾಗ ಅದೀನೇನು?" ಎಂದು ಬೈಯುವರು. ಮೂರನೆಯ ರೊಟ್ಟಿ ಅರ್ಧ ಮುರಿದು ಕೊಡುವೆ, ಉಳಿದರ್ಧ ನಾನು ಅವರ ಮುಂದೆ ತಿನ್ನಲಾರದೆ ಡಬ್ಬಿಗೆ ಹಾಕುವೆ. ಬೆಳಿಗ್ಗೆ ಅವರು ಎದ್ದು ಕಾಲು ಊರುವ ಸಪ್ಪಳ ಕೇಳುವವರೆಗೆ ನನ್ನ ಕೈ ಕೆಲಸ ಹಿಡಿಯುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಅವರು ಎದ್ದ ದಿನಕ್ಕೆ ಒಂದು ಸಣ್ಣ ಗೆರೆ ಹಾಕುತ್ತಿದ್ದೆ. ಎಲ್ಲ ದಿನವೂ ಗೆರೆ. ನಿಧಾನಕ್ಕೆ ಕೈ ನಡುಕ ನಿಂತಿತು. ಎದೆ ಬಡಿತದ ಗುಳಿಗೆಯನ್ನು ಡಾಕ್ಟರೇ ನಿಲ್ಲಿಸಿದರು. ಮೂರನೆಯ ತೂತಿನಿಂದ ಎರಡನೆಯದಕ್ಕೆ ಬೆಲ್ಟು ಬಂತು. ನಾಲ್ಕನೆಯ ತಿಂಗಳು, "ಇನ್ನೊಂದು ಸಲ ರಕ್ತ ನೋಡಿ ಬರದು ಕೊಡ್ತೀನಿ" ಎಂದರು ಡಾಕ್ಟರು. ಅವತ್ತು ಬಸ್ಸಿನಲ್ಲಿ ಬರುವಾಗ ಇವರು ದಾರಿಯುದ್ದಕ್ಕೂ ಆ ಡ್ರೈವರನ ತಪ್ಪು ಎಣಿಸಿದರು. ಗೇರು ತಡವಾಗಿ ಹಾಕಿದ, ಹಂಪು ನೋಡಲಿಲ್ಲ. ಅಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ.

ಆ ತಿಂಗಳಲ್ಲೇ ಅವರ ಗುಳಿಗೆ ಮುಗಿದವು. ಮಸ್ಕಿಯ ಔಷಧದ ಅಂಗಡಿಯಲ್ಲಿ, "ಅದು ನಮ್ಮಲ್ಲಿ ಒಬ್ರಿಗೇ ತರಸೋದ್ರಿ, ಸೋಮವಾರ ಬರ್ತೈತಿ" ಎಂದರು. ಸೋಮವಾರಕ್ಕೆ ಐದು ದಿನ ಇತ್ತು. ಸಿಂಧನೂರಿಗೆ ಹೋಗಿ ತರಬಹುದಿತ್ತು. ತಾಸಿಗೊಂದು ಬಸ್ಸಿದೆ. ಆದರೆ ಅವತ್ತು ಎಳ್ಳು ಅಮಾವಾಸ್ಯೆಯ, ನಮ್ಮ ಎಳ್ಳಮಾಸಿಯ, ಅಡುಗೆಗೆ ಸಜ್ಜೆ ಹಸನು ಮಾಡುತ್ತಾ ಕೂತಿದ್ದೆ, ನನಗೂ ಮೈ ಬಗ್ಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಗುಳಿಗೆ ತೆಗೆದುಕೊಳ್ಳಲು ಡಬ್ಬಿ ಮುಚ್ಚಳ ತೆಗೆದೆ. ಹೊಸ ಡಬ್ಬಿ, ತುಂಬ ಗುಳಿಗೆ. ಥೈರಾಯ್ಡಿಗೆ ಥೈರಾಯ್ಡ್ ಗುಳಿಗೆ. ನಾನು ಎರಡು ಸಲ ಯೋಚಿಸಲಿಲ್ಲ. ಹೆಪ್ಪು ಕೊಡುವಾಗ ಯಾರು ಯೋಚಿಸುತ್ತಾರೆ? ಅವರದು ಮೂರು ಹೊತ್ತಿನದಲ್ಲವೇ, ಒಂದು ಸಾಲದು ಎಂದು ಲೆಕ್ಕ ಹಾಕಿ, ನನಗೆ ಒಂದು, ಅವರಿಗೆ ಎರಡು.

ಅಂಗೈಯಲ್ಲಿ ಹಾಕಿಕೊಂಡು ನೋಡಿದರು. "ಯಾಕ, ಬಣ್ಣ ಬ್ಯಾರೆ ಐತಿ?"

"ಕಂಪನಿ ಬ್ಯಾರೆ" ಎಂದೆ.

ಆ ಸುಳ್ಳು ಯಾಕೆ ಹೇಳಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಅಂಗಡಿಗೆ ಹೋಗಿ ತರಲಿಲ್ಲವೆಂದು ಬೈಸಿಕೊಳ್ಳುವುದು ಬೇಡವೆನಿಸಿತು, ಅಷ್ಟೇ ಇರಬೇಕು. ಸೋಮವಾರ ಅಂಗಡಿಯಲ್ಲಿ ಗುಳಿಗೆ ಬಂದಿರಲಿಲ್ಲ. ಮತ್ತೆ ನಾನು ಕೇಳಲು ಹೋಗಲಿಲ್ಲ. ಮನೆಯಲ್ಲಿ ಇದೆಯಲ್ಲ.

ಎರಡು ವಾರ ಹಾಗೆ ಕೊಟ್ಟೆ. ಕೊನೆಯ ಮೂರು ನಾಲ್ಕು ದಿನ ಬಸಿಯ ಮೇಲೆ ಕಪ್ಪು ಮತ್ತೆ ಕಟಕಟ ಎನ್ನುತ್ತಿತ್ತು. ನಾನು ಕೇಳಿಸಿಕೊಂಡೆ. ಅವರೂ ಕೇಳಿಸಿಕೊಂಡಿರಬೇಕು, ಬಸಿ ಬಿಟ್ಟು ಬರೀ ಕಪ್ಪಿನಲ್ಲಿ ಕುಡಿಯತೊಡಗಿದರು. ಡಾಕ್ಟರು ಬರೆದುಕೊಡಲು ಇನ್ನು ನಾಲ್ಕೇ ದಿನ ಇತ್ತು.

ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ತೂರಿ, ಊಟ ಮಾಡುವುದು ನಮ್ಮಲ್ಲಿ ದೊಡ್ಡ ಹಬ್ಬ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕಡಬು, ಶೇಂಗಾ ಹೋಳಿಗೆ. "ಇವತ್ತೊಂದಿನ ಬಿಡಲೇ" ಎಂದರು. ಬಿಟ್ಟೆ. ಮರುದಿನ ಬೆಳಿಗ್ಗೆ ಎದ್ದರು, ನಾನು ಗೆರೆ ಹಾಕಿದೆ. ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡಿದರು.

ಆಮೇಲಿನದನ್ನು ಕಂಡಕ್ಟರ್ ಹೇಳಿದ್ದು. ನಿಲ್ದಾಣದಲ್ಲಿ ಒಂದು ಬಸ್ಸು ಅಡ್ಡ ನಿಂತಿತ್ತು. ಅದರ ಡ್ರೈವರ್ ಚಹಾಕ್ಕೆ ಹೋದವನು ಬಂದಿರಲಿಲ್ಲ, ಹಿಂದೆ ಎರಡು ಬಸ್ಸು ಹಾರನ್ ಹೊಡೆಯುತ್ತಿದ್ದವು. "ಏ, ನಾಕ ಹೆಜ್ಜಿ ಮುಂದ ತಗೊಂಡು ಹಚ್ಚೋದು, ಅದಕ್ಕೇನು" ಎಂದು ಇವರು ಹತ್ತಿದರು. ಯಾರೂ ಬೇಡ ಎನ್ನಲಿಲ್ಲ. ಬಸ್ಸು ಹೊರಟಿತು. ನಿಲ್ಲಿಸಬೇಕಾದಲ್ಲಿ ನಿಲ್ಲಲಿಲ್ಲ. ಅವರು ಬ್ರೇಕಿನ ಮೇಲೆ ಕಾಲಿಟ್ಟಿದ್ದರು, ಆ ಕಾಲಿಗೆ ಒತ್ತಲಾಗಲಿಲ್ಲ. ಕೈಯಿಂದ ಚಾವಿ ತಿರುವುವಷ್ಟರಲ್ಲಿ ಬಸ್ಸು ನಿಧಾನಕ್ಕೆ ಮುಂದೆ ಹೋಗಿ ಕಟ್ಟೆಗೆ ಮುಖ ತಾಗಿಸಿ ನಿಂತಿತು. ಕಟ್ಟೆಯ ಮುಂದೆ ಪೇರಲ ಹಣ್ಣು ಮಾರುವ ಒಬ್ಬ ಅಜ್ಜಿ ಕೂತಿದ್ದಳು. ಅವಳು ಎದ್ದಳು, ಬುಟ್ಟಿ ಏಳಲಿಲ್ಲ.

ಅವರನ್ನು ಸೀಟಿನಿಂದ ಚೀಲ ಇಳಿಸಿದ ಹಾಗೆ ಇಳಿಸಿದರಂತೆ. ಗುಂಪಿನಲ್ಲಿ ಯಾರೋ, "ಬೆಳಿಗ್ಗೆನ ಹಾಕ್ಯಾನ" ಎಂದರಂತೆ. ಅಜ್ಜಿ ಮಾತ್ರ ಪೇರಲ ಆರಿಸುತ್ತಾ, "ಸುಮ್ನಿರ್ರೋ, ವಾಸನಿ ಇಲ್ಲ ಅವಂದು" ಎಂದಳಂತೆ.

ಮತ್ತೆ ಸಿಂಧನೂರು. ಈ ಸಲ ದಾರಿಯಲ್ಲಿ ಅವರು ಒಂದು ಹಂಪಿನ ಹೆಸರನ್ನೂ ಹೇಳಲಿಲ್ಲ. ಅದೇ ಔಷಧ, ಅದೇ ತಂತಿ. ಡಾಕ್ಟರಿಗೆ ಬೇಸರವಾಗಿತ್ತು. "ಇಷ್ಟು ಚಲೋ ಆಗಿದ್ರಿ. ಗುಳಿಗಿ ತಪ್ಪಿಸಿದ್ರೇನು?"

"ಒಂದ ದಿನಾನೂ ತಪ್ಪಿಸಿಲ್ಲರೀ" ಎಂದರು ಇವರು. "ಆಕಿನ್ನ ಕೇಳ್ರಿ. ಆಕಿ ಪಂಚಾಂಗದಾಗ ಎಲ್ಲಾ ಬರದಿರ್ತಾಳ."

"ಹಂಗಾದ್ರ ಗುಳಿಗಿ ಕೆಲಸ ಮಾಡವಲ್ದು ಅಂತ ಆತು. ಬ್ಯಾರೆ ದಾರಿ ನೋಡಬೇಕು. ಗಾಡಿ ಮಾತು ಈಗ ಬಿಟ್ಟುಬಿಡ್ರಿ."

ಅವರು ಮೇಲಿನ ಫ್ಯಾನನ್ನು ನೋಡುತ್ತಾ ಮಲಗಿದರು. ನನ್ನ ತೊಡೆಯ ಮೇಲಿನ ಚೀಲದಲ್ಲಿ ನನ್ನ ಡಬ್ಬಿಯಿತ್ತು. ಎಲ್ಲಿ ಹೋದರೂ ಜೊತೆಗೆ ಇಟ್ಟುಕೊಳ್ಳುವುದು ರೂಢಿ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುಳಿಗೆಯ ತಪ್ಪು ಎಂದು ಬರೆದುಕೊಳ್ಳುತ್ತಿದ್ದರು. ನಾನು ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟೆ.

"ಎರಡು ವಾರದಿಂದ ಇದನ್ನ ಕೊಟ್ಟೀನ್ರಿ. ಅವ್ರದು ಮುಗದಿತ್ತು."

ಡಾಕ್ಟರು ಡಬ್ಬಿಯ ಮೇಲಿನದನ್ನು ಓದಿದರು. "ಇದು ಯಾರ್ದು?"

"ನಂದು."

"ದಿನಕ್ಕ ಒಂದಾ?"

"ಎರಡು."

ಅವರು ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ಆಮೇಲೆ ನನಗಲ್ಲ, ಇವರಿಗೆ ಹೇಳಿದರು. "ಡ್ರೈವರ್ರ, ನಿಮಗ ಕೊಟ್ಟದ್ದು ಬ್ರೇಕ್. ನಿಮ್ಮ ಮನಿಯವ್ರ ಡಬ್ಬಿಯಾಗ ಇರೋದು ಎಕ್ಸಲೇಟರ್. ಇಳಿಜಾರಿನಾಗ ಹೊಂಟ ಗಾಡಿ, ಬ್ರೇಕ್ ತಗದು ಎಕ್ಸಲೇಟರ್ ಒತ್ತೀರಿ."

ನಾನು ನೆಲ ನೋಡುತ್ತಿದ್ದೆ. ಅಲ್ಲಿ ಹಾಸಿಗೆಯ ಗಾಲಿಗೆ ಯಾವುದೋ ಕೂದಲು ಸುತ್ತಿಕೊಂಡಿತ್ತು. ಇವರು ಹೇಳುವುದು ಕೇಳಿತು.

"ಆಕಿದು ತಪ್ಪಿಲ್ರೀ. ನಾನ ಅಂದಿದ್ದೆ, ನಿಂದ ಎರಡು ಕೊಡು ಅಂತ."

ಅವರು ಅಂದಿರಲಿಲ್ಲ. ಕಾಲು ಎತ್ತಲಾಗದೆ ಮಲಗಿದ ಮನುಷ್ಯ ಅದೊಂದನ್ನು ತನ್ನ ಮೇಲೆ ಎತ್ತಿಕೊಂಡರು. ಡಾಕ್ಟರು ಇಬ್ಬರನ್ನೂ ನೋಡಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಮನೆಗೆ ಬಂದ ಮೇಲೆ ಇವರು ಆ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಖಾಲಾಗೆ ಮಾತ್ರ ಹೇಳಿದೆ. ಅವರು ತಮ್ಮ ಗುಳಿಗೆಯ ಚೀಲವನ್ನು ಒಳಗೆ ಒಯ್ದು ಕಪಾಟಿಗೆ ಹಾಕಿ, "ಇನ್ನ ಹೆಪ್ಪು ಕೇಳು ಬೇಟಿ, ಸೂಜಿ ಕೇಳು. ಇದು ನಕ್ಕೋ, ಬ್ಯಾಡ" ಎಂದರು.

ಗುಳಿಗೆಯ ತಪ್ಪಲ್ಲ ಎಂದು ತಿಳಿದದ್ದೊಂದೇ ಆ ದಿನದ ಲಾಭ. ಬ್ರೇಕಿನ ಗುಳಿಗೆ ಮತ್ತೆ ಶುರುವಾಯಿತು, ಮತ್ತೆ ಮೊದಲಿನಿಂದ ತಿಂಗಳುಗಳ ಎಣಿಕೆ. ಡಿಪೋದಲ್ಲಿ ವಿಚಾರಣೆ ನಡೆಯಿತು. ಪೇರಲದ ಅಜ್ಜಿಯೂ ಬಂದು ಅದೇ ಮಾತು ಹೇಳಿದಳಂತೆ, ವಾಸನೆ ಇರಲಿಲ್ಲ ಎಂದು. ಕೊನೆಗೆ ಡಾಕ್ಟರು ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿ, ಕತ್ತಿನ ಆ ಥೈರಾಯ್ಡ್ ಗ್ರಂಥಿಯನ್ನೇ ತಣ್ಣಗಾಗಿಸುವ ಒಂದು ಔಷಧ ಕೊಡಿಸಿದರು. ಅದು ತಣ್ಣಗಾಯಿತು. ಎಷ್ಟು ತಣ್ಣಗಾಯಿತೆಂದರೆ ಈಗ ಅವರದೂ ನನ್ನದರ ಹಾಗೆ ನಿಧಾನವಾಗಿದೆ. ಈಗ ಅವರಿಗೂ ದಿನಾ ಬೆಳಿಗ್ಗೆ, ಜೀವ ಇರುವ ತನಕ, ಬೇಕಾಗಿರುವುದು ನನ್ನ ಗುಳಿಗೆಯೇ. ಅದೇ ಬಿಳಿಯದು, ಅದೇ ಅರ್ಧ ತಾಸು. ಚಹಾದ ನೀರು ಇಟ್ಟು, ಸಕ್ಕರೆ ಹಾಕದೆ, ಇಬ್ಬರೂ ಗಡಿಯಾರ ನೋಡುತ್ತಾ ಕೂರುತ್ತೇವೆ. ಡಬ್ಬಿ ಮಾತ್ರ ಎರಡು. ಅವರದಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ಒಂದೂವರೆ ವರ್ಷದ ಮೇಲೆ, ಗಾಡಿ ಓಡಿಸಬಹುದೆಂದು ಕಾಗದ ಬಂತು. ಗೂಟದ ಮೇಲಿನ ದಿಂಬು ಇಳಿಯಿತು.

ಹೋದ ವಾರ ನನ್ನ ಡಬ್ಬಿ ಮುಗಿಯಿತು. ಮಸ್ಕಿಯ ಅಂಗಡಿಯಲ್ಲಿ ಇರಲಿಲ್ಲ. ಪಕ್ಕದಲ್ಲೇ ಕೆಂಪು ದಾರದ ಡಬ್ಬಿ, ಅರ್ಧ ತುಂಬಿತ್ತು. ನಾನು ಸೀರೆ ಉಟ್ಟು ಹೊರಟೆ.

"ಎಲ್ಲಿಗೆ?" ಎಂದರು ಇವರು, ದಿಂಬು ಕಂಕುಳಲ್ಲಿ ಇಟ್ಟುಕೊಂಡು.

"ಸಿಂಧನೂರಿಗೆ. ಗುಳಿಗಿ ತರಾಕ."

ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದರು: "ಬೇಕಂದ್ರ ಎರಡು ಕೈಗಡ ಕೊಡ್ಲೇನು?"

ಅಷ್ಟು ದಿನಗಳಲ್ಲಿ ಆ ವಿಷಯ ಅವರ ಬಾಯಿಂದ ಬಂದದ್ದು ಅದೇ ಮೊದಲು. ನನಗೆ ನಗು ಬಂತು, ಕಣ್ಣೂ ತುಂಬಿತು, ಎರಡಕ್ಕೂ ಹೊತ್ತಿರಲಿಲ್ಲ. "ನಿಮ್ದು ನೀವ ನುಂಗ್ರಿ" ಎಂದೆ.

ಅವರದೇ ಬಸ್ಸು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆ. ಕಂಡಕ್ಟರ್ ಬಂದು, "ಡ್ರೈವರ್ ಸಾಹೇಬ್ರ ಮನಿಯವ್ರು ಆದ್ರೇನು, ಯಕ್ಕಾ, ಆಧಾರ್ ತೋರಸ್ರಿ" ಎಂದು ಬಿಟ್ಟಿ ಟಿಕೆಟ್ ಹರಿದು ಕೊಟ್ಟ. ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿದ್ದರು, ಎರಡೂ ಕಡೆ ಭತ್ತ ಹಸಿರಾಗಿತ್ತು. ನಾನು ಕಂಬಿಯ ಸಂದಿಯಿಂದ ಅವರ ಕಾಲನ್ನು ನೋಡುತ್ತಿದ್ದೆ. ಶಾಲೆಯ ಮುಂದಿನ ಹಂಪು ಬಂತು. ಬಲಗಾಲು ಬ್ರೇಕಿಗೆ ಹೋಯಿತು, ಒತ್ತಿತು, ಬಸ್ಸು ನಿಧಾನವಾಯಿತು. ನನ್ನ ಕಾಲೂ ಅದರ ಜೊತೆಗೇ ಬಸ್ಸಿನ ನೆಲದ ತಗಡನ್ನು ಒತ್ತಿತ್ತು. ಪೆಟ್ರೋಲ್ ಬಂಕಿನ ಹತ್ತಿರ ಮತ್ತೆ ಒತ್ತಿದರು, ನಾನೂ ಒತ್ತಿದೆ. ಕಾಲುವೆ ಸೇತುವೆಯ ಮೇಲೆ ಒತ್ತಿದರು, ನಾನೂ ಒತ್ತಿದೆ. ಮಿಲ್ಲಿನ ವಾಸನೆ ಬರುವ ತನಕ ಹಾಗೆಯೇ ಬಂದೆ. ಸಿಂಧನೂರಿನಲ್ಲಿ ಇಳಿದಾಗ ಮೀನಖಂಡ ನೋಯುತ್ತಿತ್ತು. ಔಷಧದ ಅಂಗಡಿಯ ತನಕ ಕುಂಟುತ್ತಲೇ ಹೋದೆ.